ಅರ್ಗಾದ ಹಾದಿ, ಅರ್ಗಾದ ಹೆಸರು

ಕಾರವಾರದಿಂದ ದಕ್ಷಿಣಾಭಿಮುಖವಾಗಿ ಹೊರಟವನಿಗೆ ಈಗ ಎರಡು ದಾರಿಗಳುಂಟು. ಬೈತಖೋಲದ ಬಂದರಿನ ಬಳಿ ಗುಡ್ಡದ ಒಡಲನ್ನು ಕೊರೆದು ನಿರ್ಮಿಸಿದ ಹೆದ್ದಾರಿಯ ಸುರಂಗವನ್ನು ಹೊಕ್ಕು, ಕ್ಷಣಾರ್ಧದಲ್ಲಿ ಬಿಣಗಾದ ಮಗ್ಗುಲಲ್ಲಿ ಬೆಳಕಿಗೆ ಬರುವುದು ಒಂದು. ಹಳೆಯ ಬಿಣಗಾ ಘಟ್ಟದ ತಿರುವುಗಳನ್ನು ಒಂದೊಂದಾಗಿ ಏರಿ, ಒಂದೊಂದಾಗಿ ಇಳಿಯುವುದು ಇನ್ನೊಂದು. ಮೊದಲನೆಯದು ವಾಹನಗಳಿಗೆ ತಕ್ಕುದು. ಎರಡನೆಯದು, ಅವಸರವಿಲ್ಲದವನಿಗೆ, ಅದರಲ್ಲಿಯೂ ಕಾಲ್ನಡಿಗೆಯವನಿಗೆ ತಕ್ಕುದು. ಸುರಂಗದಲ್ಲಿ ಹೋಗುವವನಿಗೆ ಸಮಯ ಉಳಿಯುತ್ತದೆಂಬುದು ನಿಜ. ಆದರೆ ಘಟ್ಟದ ನೆತ್ತಿಯಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿದವನಿಗೆ ಕಾಣುವ ಸಮುದ್ರ, ಆ ಸಮುದ್ರದಲ್ಲಿ ಆಮೆಯಂತೆ ಬೆನ್ನೆತ್ತಿ ಮಲಗಿದ ಅಂಜುದೀವ್ ನಡುಗಡ್ಡೆ, ಅದರತ್ತ ನೆಲದಿಂದ ಚಾಚಿದ ಕಲ್ಲಿನ ತೋಳಿನಂಥ ಅಲೆತಡೆಗೋಡೆ, ಇವೊಂದೂ ಅವನ ಪಾಲಿಗೆ ಬರುವುದಿಲ್ಲ. ಊರೊಂದನ್ನು ಅರಿಯಬೇಕಾದರೆ ಅದನ್ನು ನಡೆದು ನೋಡಬೇಕೆಂಬ ಹಿರಿಯರ ಮಾತಿಗೆ ನಾನು ಹಿಂದೆ ಅಷ್ಟಾಗಿ ಬೆಲೆ ಕೊಟ್ಟವನಲ್ಲ. ಕಾರವಾರದಿಂದ ಎರಡು ಹರದಾರಿಗೆ ಮೀರದ ಅರ್ಗಾ ಎಂಬ ಊರಿಗೆ ಒಂದು ಮುಂಜಾನೆ ನಡೆದು ಹೋದ ಮೇಲೆ ಆ ಮಾತು ನನಗೆ ನಿಶ್ಚಯವಾಯಿತು.

ಘಟ್ಟ ಇಳಿದು, ಬಿಣಗಾದ ಕಾರ್ಖಾನೆಯನ್ನೂ ಅಂಗಡಿಸಾಲುಗಳನ್ನೂ ದಾಟಿ ಮುಂದಕ್ಕೆ ನಡೆದರೆ ಅರ್ಗಾ ಸಿಗುತ್ತದೆ. ಸಿಗುತ್ತದೆ ಎನ್ನುವುದಕ್ಕಿಂತ, ಸಿಕ್ಕಷ್ಟು ಸಿಗುತ್ತದೆ ಎನ್ನುವುದೇ ಸರಿ. ಏಕೆಂದರೆ ಈ ಊರಿನ ಪೂರ್ವದ ಅರ್ಧ ಮಾತ್ರ ಇಂದು ದಾರಿಹೋಕನ ಕಣ್ಣಿಗೆ ನಿಲುಕುವಂಥದು. ಸಹ್ಯಾದ್ರಿಯ ಕವಲೊಂದು ಇಲ್ಲಿ ಸಮುದ್ರಕ್ಕೆ ತೀರ ಸಮೀಪವಾಗಿ ಇಳಿದು ಬಂದಿದೆ. ಗುಡ್ಡದ ತಪ್ಪಲಿನಲ್ಲಿ ಚಿರೇಕಲ್ಲಿನ ಗೋಡೆಯ ಮನೆಗಳು, ತೆಂಗು, ಗೇರು, ಮಾವು, ಅಲ್ಲಲ್ಲಿ ಒಂದೆರಡು ತುಂಡು ಗದ್ದೆ. ಅವುಗಳ ಮುಂದೆ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯ ಆಚೆಗೆ ನೌಕಾನೆಲೆಯ ಎತ್ತರದ ಆವರಣ. ಆ ಗೋಡೆಯ ಮೇಲೆ ತಲೆಯೆತ್ತಿದ ತೆಂಗಿನ ಗರಿಗಳು ಕಾಣುತ್ತವೆ, ಗಾಳಿ ಬೀಸಿದಾಗ ಕಡಲಿನ ಉಪ್ಪು ವಾಸನೆ ಬರುತ್ತದೆ, ಕಡಲು ಕಾಣುವುದಿಲ್ಲ. ಕರಾವಳಿಯ ಹಳ್ಳಿಯೊಂದರಲ್ಲಿ ನಿಂತು, ಕಡಲಿನ ವಾಸನೆಯನ್ನು ಮಾತ್ರ ಹೀರಿ, ಕಡಲನ್ನು ಕಾಣದೆ ಹಿಂದಿರುಗುವ ಅನುಭವ ನನಗೆ ಅಲ್ಲಿಯವರೆಗೆ ಒದಗಿರಲಿಲ್ಲ.

ಇದನ್ನು ದೂರಿನ ಧಾಟಿಯಲ್ಲಿ ಬರೆಯುತ್ತಿರುವೆನೆಂದು ಓದುಗರು ತಿಳಿಯಬಾರದು. ಆ ಗೋಡೆ ಅಲ್ಲಿ ಏಕೆ ಎದ್ದಿತೆಂಬುದಕ್ಕೆ ಗಂಭೀರವಾದ ಕಾರಣಗಳಿವೆ. ಅವನ್ನು ಮುಂದೆ ಹೇಳುವೆನು. ಅದಕ್ಕೂ ಮುನ್ನ ಹೆಸರುಗಳ ವಿಷಯವಾಗಿ ಒಂದು ಮಾತು ಹೇಳಬೇಕು. ಏಕೆಂದರೆ ನಡೆಯುವವನಿಗೆ ಊರು ಮೊದಲು ಕೊಡುವ ಕಾಣಿಕೆ ಅದರ ಹೆಸರು.

ಬಿಣಗಾ, ಅರ್ಗಾ, ಮುದಗಾ: ಈ ತೀರದ ಮೂರು ಊರುಗಳು ಒಂದೇ ಪ್ರಾಸದಲ್ಲಿ ಮುಗಿಯುತ್ತವೆ. ಕಾಳೀ ನದಿಯ ಒಳಕಣಿವೆಯಲ್ಲಿ ಅಣುವಿದ್ಯುತ್ತಿನಿಂದ ಲೋಕಪ್ರಸಿದ್ಧವಾದ ಕೈಗಾ ಕೂಡ ಇದೇ ಕುಲಕ್ಕೆ ಸೇರಿದ ಹೆಸರು. ಆದರೆ ದಕ್ಷಿಣಕ್ಕೆ ಸರಿದು, ಹಾರವಾಡ ಅವರ್ಸಾಗಳನ್ನು ಹಾದು ಅಂಕೋಲೆಯ ಸೀಮೆಯನ್ನು ಪ್ರವೇಶಿಸಿದೊಡನೆ ಹೆಸರುಗಳ ಧಾಟಿಯೇ ಬದಲಾಗುತ್ತದೆ: ಹಟ್ಟಿಕೇರಿ, ಬೇಲೇಕೇರಿ, ಭಾವಿಕೇರಿ, ಹೊನ್ನೇಕೇರಿ, ಅಲಗೇರಿ, ಬಡಗೇರಿ. ಕೇರಿ ಎಂಬ ಅಚ್ಚಗನ್ನಡದ ಮಾತು ಊರಿಂದೂರಿಗೆ ಕೈಹಿಡಿದು ನಡೆದಂತೆ ತೋರುತ್ತದೆ. ನಡುವೆ ತೋಡೂರು ಎಂಬುದೊಂದು. ಆ ಹೆಸರನ್ನು ಕೇಳಿದ ಯಾವ ಕರಾವಳಿಯವನಿಗಾದರೂ ಮಳೆಗಾಲದ ತೋಡು ನೆನಪಾಗದೆ ಇರಲಾರದು. ಕೊಂಕಣಿಯೂ ಕನ್ನಡವೂ ಒಂದರೊಳಗೊಂದು ಬೆರೆತು, ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಆಗಿ ಶತಮಾನಗಳಿಂದ ಬಾಳಿದ ಈ ಪ್ರದೇಶದಲ್ಲಿ, ಎರಡು ನುಡಿಗಳ ಸರಹದ್ದು ನಕಾಶೆಯಲ್ಲಿ ಗೆರೆ ಎಳೆದಂತೆ ಇರುವುದಿಲ್ಲ. ಅದು ಹೀಗೆ ಊರುಗಳ ಹೆಸರಿನ ಕೊನೆಯ ಅಕ್ಷರದಲ್ಲಿ ಮೆಲ್ಲನೆ ಸರಿಯುತ್ತದೆ. ವಾಹನದಲ್ಲಿ ಧಾವಿಸುವವನಿಗೆ ಇವೆಲ್ಲ ಹಸಿರು ಫಲಕಗಳ ಮೇಲಿನ ಬಿಳಿಯ ಅಕ್ಷರಗಳು. ನಡೆಯುವವನಿಗೆ ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಳಿಗೆಯ ಅವಕಾಶವಿರುವುದರಿಂದ, ಅವು ಬಾಯಲ್ಲಿ ಕರಗಿ ರುಚಿ ಕೊಡುತ್ತವೆ.

ಈ ತೀರದ ಚರಿತ್ರೆ ಅರ್ಗಾದ ಎದುರಿನ ಕಡಲಿನಲ್ಲಿಯೇ ಬಹುಮಟ್ಟಿಗೆ ಲಿಖಿತವಾಗಿದೆ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮನು ತನ್ನ ಹಡಗುಗಳನ್ನು ದುರಸ್ತಿ ಮಾಡಿಕೊಳ್ಳಲು ತಂಗಿದ್ದು ಅಂಜುದೀವಿನಲ್ಲಿ. 1505ರಲ್ಲಿ ಪೋರ್ತುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡನು ಕೋಟೆಯನ್ನು ಎಬ್ಬಿಸಿದ್ದೂ ಅಲ್ಲಿಯೇ. ಮುಂಬಯಿಯನ್ನು ವರದಕ್ಷಿಣೆಯಾಗಿ ಪಡೆದ ಇಂಗ್ಲೆಂಡಿನ ದೊರೆ 1662ರಲ್ಲಿ ಕಳುಹಿಸಿದ ಸೈನಿಕರು, ಮುಂಬಯಿ ಕೈಗೆ ಬರುವುದು ವಿಳಂಬವಾದುದರಿಂದ ಈ ನಡುಗಡ್ಡೆಯಲ್ಲಿ ಬೀಡುಬಿಟ್ಟು, ಮಳೆಗೂ ಜ್ವರಕ್ಕೂ ಆಹಾರದ ಅಭಾವಕ್ಕೂ ಸಿಕ್ಕಿ ಬಹುಪಾಲು ಇಲ್ಲಿಯೇ ಮಣ್ಣಾದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆಯೂ ಹದಿನಾಲ್ಕು ವರ್ಷಗಳ ಕಾಲ ಆ ನಡುಗಡ್ಡೆಯ ಮೇಲೆ ಪೋರ್ತುಗೀಸರ ಧ್ವಜ ಹಾರುತ್ತಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ಹಾರಿದ ಗುಂಡುಗಳು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿಗೆ ತಗುಲಿದವು. ಅದಾದ ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿ ಒಬ್ಬನು ಅಸುನೀಗಿದನು. ಮುಂದಿನ ತಿಂಗಳು ಗೋವೆಯ ವಿಮೋಚನೆಯ ಸಂದರ್ಭದಲ್ಲಿ ನಮ್ಮ ನೌಕಾದಳವು ಅಂಜುದೀವನ್ನು ವಶಪಡಿಸಿಕೊಂಡಿತು. ಆ ಕಾಳಗದಲ್ಲಿ ಏಳು ಮಂದಿ ನಾವಿಕರು ವೀರಮರಣವನ್ನಪ್ಪಿದರು. ಇವೆಲ್ಲ ಗ್ರಂಥಸ್ಥವಾದ ಸಂಗತಿಗಳು. ಆಯಾ ಕಾಲದ ಹಡಗುಗಳ ಹೆಸರು, ಕಪ್ತಾನರ ಹೆಸರು, ಹೂಡಿದ ಲಂಗರುಗಳ ತಾಣ, ಎಲ್ಲವನ್ನೂ ಯಾರೋ ಒಬ್ಬರು ಬರೆದಿಟ್ಟಿದ್ದಾರೆ. ಆದರೆ ಆ ಹಡಗುಗಳನ್ನು ದಡದ ಮೇಲೆ ನಿಂತು ನೋಡಿದವರ ಊರು ಹೇಗಿತ್ತು? ಅವರು ಯಾವ ದಿಬ್ಬವನ್ನೇರಿ ನೋಡಿದರು, ಆ ದಿಬ್ಬವನ್ನು ಏನೆಂದು ಕರೆದರು? ಇದಕ್ಕೆ ಗ್ರಂಥಗಳಲ್ಲಿ ಉತ್ತರವಿಲ್ಲ. ಉತ್ತರವಿದ್ದುದು ಜನರ ನಾಲಗೆಯ ಮೇಲೆ.

ಆ ಜನರು ಬಾಳಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸುವುದು ಅವಶ್ಯ. ಕಾರವಾರ ಅಂಕೋಲೆಗಳ ನಡುವಣ ಈ ಕಿರಿದಾದ ಪಟ್ಟಿಯಲ್ಲಿ ಗುಡ್ಡವು ಸೌದೆಯನ್ನೂ ಸೊಪ್ಪನ್ನೂ ಕೊಟ್ಟಿತು. ಗುಡ್ಡದಿಂದಿಳಿದ ಹಳ್ಳಗಳು ಗದ್ದೆಗಳಿಗೆ ನೀರನ್ನು ಕೊಟ್ಟವು. ಉಪ್ಪುನೀರು ಏರಿಳಿಯುವ ಗಜನಿ ಭೂಮಿಯು ಒಂದು ಋತುವಿನಲ್ಲಿ ಬತ್ತವನ್ನೂ ಇನ್ನೊಂದು ಋತುವಿನಲ್ಲಿ ಸಿಗಡಿ ಮೀನುಗಳನ್ನೂ ಕೊಟ್ಟಿತು. ಅದರಾಚೆಯ ಹೊಯ್ಗೆಯ ದಂಡೆಯ ಮೇಲೆ ಪಾತಿದೋಣಿಗಳು ಒರಗಿ ನಿಂತಿದ್ದವು. ರಂಪಣಿ ಬಲೆ ಬೀಸಿದ ದಿನ ಜಾತಿ ಮತಗಳ ಎಣಿಕೆಯಿಲ್ಲದೆ ಊರಿಗೆ ಊರೇ ದಂಡೆಗೆ ಇಳಿದು ಹಗ್ಗ ಹಿಡಿದು ಎಳೆಯುತ್ತಿತ್ತು. ಬಲೆಯಲ್ಲಿ ಬಂಗಡೆಯೂ ತಾರಲೆಯೂ ಬೆಳ್ಳಿಯಂತೆ ಹೊಳೆದು ಬರಲು, ಹಗ್ಗಕ್ಕೆ ಕೈ ಹಚ್ಚಿದ ಹುಡುಗನಿಗೂ ಒಂದು ಪಾಲು ಸಲ್ಲುತ್ತಿತ್ತು. ಹೀಗೆ ಗುಡ್ಡದಿಂದ ಕಡಲಿನವರೆಗೆ ಅರ್ಧ ಹರದಾರಿಯೂ ಇಲ್ಲದ ಅಂತರದಲ್ಲಿ ಒಂದು ಸಂಪೂರ್ಣ ಜೀವನಕ್ರಮವೇ ಅಡ್ಡಲಾಗಿ ಹಬ್ಬಿತ್ತು. ಊರಿನ ಮುಖ್ಯ ಹಾದಿಗಳು ಇಂದಿನ ಹೆದ್ದಾರಿಯಂತೆ ಉತ್ತರ ದಕ್ಷಿಣವಾಗಿರಲಿಲ್ಲ. ಅವು ಪೂರ್ವ ಪಶ್ಚಿಮವಾಗಿದ್ದವು: ಬೆಟ್ಟದಿಂದ ಮನೆಗೆ, ಮನೆಯಿಂದ ಗದ್ದೆಗೆ, ಗದ್ದೆಯಿಂದ ದೋಣಿಗೆ. ಹೆದ್ದಾರಿಯು ಮಂಗಳೂರನ್ನೂ ಮುಂಬಯಿಯನ್ನೂ ಕೂಡಿಸಿತು. ಈ ಅಡ್ಡಹಾದಿಗಳು ಮನುಷ್ಯನನ್ನೂ ಅವನ ಅನ್ನವನ್ನೂ ಕೂಡಿಸಿದ್ದವು.

ಇನ್ನು ಆ ಗೋಡೆಯ ವಿಷಯ. 1971ರ ಯುದ್ಧದ ತರುವಾಯ, ಮುಂಬಯಿಯ ಬಂದರು ವ್ಯಾಪಾರದ ಹಡಗುಗಳಿಂದಲೇ ಕಿಕ್ಕಿರಿದುದರಿಂದ, ಪಶ್ಚಿಮ ಕರಾವಳಿಯಲ್ಲಿ ನೌಕಾದಳಕ್ಕೆಂದೇ ಮೀಸಲಾದ ವಿಶಾಲವಾದ ನೆಲೆಯೊಂದು ಬೇಕೆಂಬ ಆಲೋಚನೆ ಬಲಗೊಂಡಿತು. ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ನರು ನೌಕಾದಳದ ಮುಖ್ಯಸ್ಥರಾಗಿದ್ದಾಗ ಆ ದೃಷ್ಟಿ ಕಾರವಾರದ ಮೇಲೆ ನೆಟ್ಟಿತು. ಆಳವಾದ ನೀರು, ಅಲೆಗಳನ್ನು ತಡೆಯುವ ನಡುಗಡ್ಡೆಗಳು, ಬೆನ್ನಿಗೆ ಒತ್ತಾಗಿ ನಿಂತ ಬೆಟ್ಟ, ಮುಂಬಯಿ ಕೊಚ್ಚಿಗಳ ನಡುವಣ ಸ್ಥಾನ: ಪ್ರಕೃತಿಯು ಬಂದರಿಗೆಂದೇ ಈ ತಾಣವನ್ನು ನಿರ್ಮಿಸಿತೋ ಎಂಬಂತಿತ್ತು. 1986ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ‘ಸೀಬರ್ಡ್’ ಯೋಜನೆಗೆ ಅಡಿಗಲ್ಲನ್ನಿಟ್ಟರು. ಕಾರವಾರ ಅಂಕೋಲಾ ತಾಲೂಕುಗಳ ಹದಿಮೂರು ಗ್ರಾಮಗಳಲ್ಲಿ ಸುಮಾರು ಹನ್ನೊಂದು ಸಾವಿರ ಎಕರೆ ಭೂಮಿ ಸ್ವಾಧೀನವಾಯಿತು. ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ನೆಲೆ ತಪ್ಪಿದವು. ಯೋಜನೆ ಕೆಲವು ವರ್ಷ ಕುಂಟುತ್ತ ಸಾಗಿದುದರಿಂದ, ಜನರು ಇಂದೋ ನಾಳೆಯೋ ಎಂದು ಹೆಂಚು ಹೊದಿಸದೆ, ಹೊಸ ತೆಂಗಿನ ಸಸಿ ನೆಡದೆ, ಹತ್ತಾರು ಮಳೆಗಾಲಗಳನ್ನು ಕಳೆದರು. 1990ರ ದಶಕದ ಕೊನೆಯಲ್ಲಿ ಅವರು ನಿಜವಾಗಿಯೂ ಹೊರಡಬೇಕಾಯಿತು. 2005ರ ಮೇ 31ರಂದು ‘ಐಎನ್‌ಎಸ್ ಕದಂಬ’ ಎಂಬ ನಾಮಧೇಯದಿಂದ ನೆಲೆಯು ಲೋಕಾರ್ಪಣೆಗೊಂಡಿತು. ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರ ಹೆಸರನ್ನು, ನೌಕಾಬಲಕ್ಕೆ ಪ್ರಖ್ಯಾತರಾದ ಗೋವೆಯ ಕದಂಬರನ್ನೂ ನೆನಪಿಗೆ ತರುವ ಹೆಸರನ್ನು, ನೆಲೆಗೆ ಇಟ್ಟದ್ದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ.

ರಾಷ್ಟ್ರಕ್ಕೆ ರಕ್ಷಣೆ ಬೇಕು. ರಕ್ಷಣೆಗೆ ನೆಲ ಬೇಕು. ಆ ನೆಲ ಯಾರದಾದರೂ ಆಗಿಯೇ ಇರುತ್ತದೆ. ಈ ಮಾತನ್ನು ಅರ್ಗಾದ ಜನರಿಗೆ ಯಾರೂ ಬೋಧಿಸಬೇಕಾಗಿಲ್ಲ. 1930ರಲ್ಲಿ ಅಂಕೋಲೆಯ ಕಡಲದಂಡೆಗೆ ಸಹಸ್ರಾರು ಜನ ಕಾಲ್ನಡಿಗೆಯಿಂದ ಬಂದು ಉಪ್ಪಿನ ಕಾಯಿದೆಯನ್ನು ಮುರಿದುದೂ, ಮುಂದೆ ಕರನಿರಾಕರಣೆಯ ದಿನಗಳಲ್ಲಿ ಅಂಕೋಲಾ ತಾಲೂಕಿನ ರೈತರು ತಮ್ಮ ಹೊಲಮನೆಗಳನ್ನು ಸರಕಾರದ ಜಪ್ತಿಗೆ ಬಿಟ್ಟುಕೊಟ್ಟು ಬಯಲಿಗೆ ಬಿದ್ದುದೂ ಈ ಸೀಮೆಯ ಮನೆಮಾತು. ಎರಡು ತಲೆಮಾರುಗಳ ಅಂತರದಲ್ಲಿ ಒಂದೇ ಸೀಮೆಯ ಜನ ದೇಶಕ್ಕಾಗಿ ಎರಡು ಸಲ ನೆಲವನ್ನು ತೆತ್ತ ಉದಾಹರಣೆಗಳು ನಮ್ಮ ನಾಡಿನಲ್ಲಿ ವಿರಳ. ಮೊದಲಿನ ತ್ಯಾಗದ ನೆನಪಿಗೆ ಅಂಕೋಲೆಯಲ್ಲಿ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನವುಂಟು, ಗ್ರಂಥಗಳುಂಟು, ಪಾಠಗಳುಂಟು. ಎರಡನೆಯ ತ್ಯಾಗಕ್ಕೆ ಸಂದುದು ಪರಿಹಾರದ ಮೊಕದ್ದಮೆಗಳ ಕಡತಗಳು. ಅವೂ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ದಶಕಗಳ ಕಾಲ ಅಲೆದವು. ಜೊತೆಗೆ ‘ನಿರಾಶ್ರಿತರು’ ಎಂಬ ಒಂದು ಪದವೂ ಸಂದಿತು. ಮನೆ ಕಟ್ಟಿಕೊಂಡು ಕಾಲು ಶತಮಾನವಾದರೂ, ಆ ಮನೆಯಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾಗಿ ದುಡಿಯುತ್ತಿದ್ದರೂ, ಅವರು ಇನ್ನೂ ಸೀಬರ್ಡ್ ನಿರಾಶ್ರಿತರೇ.

ಅಂದು ನಾನು ಅರ್ಗಾದಿಂದ ಮುಂದಕ್ಕೆ, ಚೆಂಡಿಯಾವನ್ನು ಹಾದು, ತೋಡೂರಿನ ಪುನರ್ವಸತಿ ಕಾಲೋನಿಯವರೆಗೆ ನಡೆದೆನು. ಅಲ್ಲಿಯ ದಾರಿಗಳು ನೆಟ್ಟಗಿವೆ, ನಿವೇಶನಗಳು ಸಮನಾಗಿವೆ, ಹಿತ್ತಲಿಗೂ ಹಿತ್ತಲಿಗೂ ನಡುವೆ ಅಳತೆ ಹಿಡಿದ ಗೆರೆಯುಂಟು. ಮನೆಗಳ ಮುಂದೆ ತುಳಸಿಕಟ್ಟೆಗಳಿಗೆ ಬಣ್ಣ ಬಳಿದು ಜನ ತಮ್ಮ ತಮ್ಮ ಅಂಗಳವನ್ನು ತಮ್ಮದಾಗಿಸಿಕೊಂಡಿದ್ದಾರೆ. ಒಂದು ಮನೆಯ ಜಗುಲಿಯ ಮೇಲೆ ವೃದ್ಧೆಯೊಬ್ಬಳು ಗೆರಸೆಯಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಬಾಯಾರಿ ನೀರು ಕೇಳಿದೆ. ನೀರಿನೊಡನೆ ಬೆಲ್ಲದ ತುಣುಕನ್ನೂ ತರಿಸಿಕೊಟ್ಟಳು. ಮಾತಿಗೆ ಮಾತು ಬೆಳೆದು, “ಅಮ್ಮಾ, ನಿಮ್ಮ ಮೊದಲಿನ ಮನೆ ಎಲ್ಲಿತ್ತು?” ಎಂದು ಕೇಳಲಾಗಿ, ಅವಳು ಪಶ್ಚಿಮದ ಕಡೆಗೆ ಕೈತೋರಿಸುವಳೆಂದು ನಾನು ಭಾವಿಸಿದ್ದೆನು. ಅವಳು ಹಾಗೆ ಮಾಡಲಿಲ್ಲ. ಗೆರಸೆಯಲ್ಲಿದ್ದ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ಒಂದು ಗೆರೆಯನ್ನೆಳೆದಳು.

“ಇದು ಹಳ್ಳ, ತಮಾ. ಇಲ್ಲಿ ನಮ್ಮ ಮನೆ. ಮನೆ ಹಿಂದೆ ಹೊನ್ನೆಮರ. ಮರದ ಬುಡದಿಂದ ಇಳಿದ್ರೆ ಗದ್ದೆ. ಗದ್ದೆ ಅಂಚಿನ ಮೇಲೇ ಹೋದ್ರೆ ದಂಡೆ. ಹಳ್ಳದ ಬಾಯಲ್ಲಿ ದೋಣಿ ಕಟ್ಟೂದು.”

ಒಂದೊಂದು ತಾಣಕ್ಕೂ ಒಂದೊಂದು ಹೆಸರನ್ನು ಅವಳು ಹೇಳಿದಳು. ಆ ಗದ್ದೆಗೊಂದು ಹೆಸರು, ಹಳ್ಳ ತಿರುಗುವ ಕಡೆಗೊಂದು ಹೆಸರು, ದೋಣಿ ಕಟ್ಟುವ ಬಂಡೆಗೊಂದು ಹೆಸರು. ಅರ್ಧ ಕೊಂಕಣಿ, ಅರ್ಧ ಕನ್ನಡ. ನನ್ನ ಕಿವಿಗೆ ಹೊಸವು. ನಾನು ಜೇಬಿನಿಂದ ಕಾಗದ ತೆಗೆಯುವಷ್ಟರಲ್ಲಿ ಒಳಗಿನಿಂದ ಯಾರೋ ಅಕ್ಕಿಗೆ ಕರೆದರು. ಅವಳು ಗೆರಸೆಯನ್ನು ಎರಡು ಸಲ ಕೊಡವಿ ಒಳಕ್ಕೆ ಕೊಟ್ಟಳು. ಹಳ್ಳವೂ ಮನೆಯೂ ಹೊನ್ನೆಮರವೂ ಅಕ್ಕಿಯಾಗಿ ಹೋದವು.

ಮರಳಿ ಬರುವಾಗ ಹೆದ್ದಾರಿಯ ಮೇಲೆ ನನಗೆ ಬೇರೆ ಯಾವ ಯೋಚನೆಯೂ ಹೊಳೆಯಲಿಲ್ಲ. ಭೂಸ್ವಾಧೀನದ ಕಡತಗಳಲ್ಲಿ ಪ್ರತಿಯೊಂದು ಗುಂಟೆಗೂ ಸರ್ವೆ ನಂಬರು ಉಂಟು. ಪ್ರತಿಯೊಂದು ಮರಕ್ಕೂ ಬೆಲೆ ಕಟ್ಟಿದ್ದಾರೆ. ಬಾವಿಯ ಕಲ್ಲನ್ನೂ ಎಣಿಸಿದ್ದಾರೆ. ಹೆಸರಿಗೆ ಮಾತ್ರ ಯಾರೂ ಬೆಲೆ ಕಟ್ಟಲಿಲ್ಲ. ಬೆಲೆ ಕಟ್ಟತಕ್ಕ ವಸ್ತುವೆಂದು ಯಾರಿಗೂ ತೋರಲಿಲ್ಲ. ನೆಲ ಸರಕಾರಕ್ಕೆ ಸೇರಿತು; ಹಣ ತಡವಾಗಿಯಾದರೂ ಜನರಿಗೆ ಸೇರಿತು; ಹೆಸರು ಯಾರಿಗೂ ಸೇರದೆ ನಡುವೆ ಬಿದ್ದುಹೋಯಿತು.

ಹೆಸರು ಹೋದರೆ ಏನಾಯಿತು, ಅದು ಬರಿಯ ಭಾವುಕತೆಯಲ್ಲವೇ ಎಂದು ಕೇಳುವವರುಂಟು. ಅವರಿಗೆ ನಾನು ಮಳೆಗಾಲವನ್ನು ತೋರಿಸುವೆನು. ಈ ತೀರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ; ಅದರ ಬಹುಭಾಗ ನಾಲ್ಕೇ ತಿಂಗಳುಗಳಲ್ಲಿ. ಗುಡ್ಡದ ಮೇಲೆ ಬಿದ್ದ ನೀರಿಗೆ ಕಡಲನ್ನು ಸೇರಲು ಇರುವ ಅಂತರ ಅತ್ಯಲ್ಪ, ಇಳಿಜಾರು ತೀವ್ರ. ಹಿಂದೆ ಆ ನೀರು ಹತ್ತಾರು ಹಳ್ಳ ತೋಡುಗಳಲ್ಲಿ ಹಂಚಿಹೋಗಿ, ಗದ್ದೆಗಳಲ್ಲಿ ಕೆಲಹೊತ್ತು ತಂಗಿ, ಗಜನಿಯನ್ನು ಹಾದು ಸಮುದ್ರವನ್ನು ಸೇರುತ್ತಿತ್ತು. ಇಂದು ಅದು ಮೊದಲು ಹೆದ್ದಾರಿಯನ್ನು ದಾಟಬೇಕು, ಬಳಿಕ ಆವರಣದ ಗೋಡೆಯನ್ನು ದಾಟಬೇಕು. ದಾಟಲು ಬಿಟ್ಟ ಬಾಯಿಗಳು ಸಾಲದೆ ಹೋದಾಗ ನೀರು ಹಿಂದಕ್ಕೆ ನಿಲ್ಲುತ್ತದೆ. ಇತ್ತೀಚಿನ ಮಳೆಗಾಲಗಳಲ್ಲಿ ಅರ್ಗಾ ಚೆಂಡಿಯಾಗಳ ಮನೆಗಳಿಗೆ ನೀರು ನುಗ್ಗಿದುದನ್ನೂ, ಹೆದ್ದಾರಿಯೇ ಹೊಳೆಯಾದುದನ್ನೂ ಪತ್ರಿಕೆಗಳ ಓದುಗರು ಬಲ್ಲರು. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲಿನ ಗುಡ್ಡವೇ ಜರಿದು, ಜೀವಗಳನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿದ ದುರಂತವನ್ನು ಮರೆತವರಾರು? ಗುಡ್ಡ, ನೀರು, ಕಡಲು ಇವುಗಳ ನಡುವಣ ಹಳೆಯ ಒಪ್ಪಂದವನ್ನು ಅರಿಯದೆ ನಾವು ಇಲ್ಲಿ ಏನನ್ನೂ ಕಟ್ಟುವಂತಿಲ್ಲವೆಂಬುದನ್ನು ಆ ದಿನ ನಮಗೆ ಕಲಿಸಿದೆ. ಆ ಒಪ್ಪಂದ ಎಲ್ಲಿ ಬರೆದಿತ್ತು? ಹಳ್ಳ ತಿರುಗುವ ಕಡೆಗೆ ವೃದ್ಧೆಯು ಹೇಳಿದಂಥ ಹೆಸರುಗಳಲ್ಲಿ ಬರೆದಿತ್ತು. ಒಂದು ಗದ್ದೆಯ ಹೆಸರಿನಲ್ಲಿ ಅಲ್ಲಿ ನೀರು ನಿಲ್ಲುವುದೆಂಬ ಅರಿವು ಅಡಗಿರುತ್ತದೆ. ಒಂದು ಓಣಿಯ ಹೆಸರಿನಲ್ಲಿ ಅದು ಮಳೆಗಾಲದಲ್ಲಿ ತೋಡಾಗುವುದೆಂಬ ಎಚ್ಚರಿಕೆಯಿರುತ್ತದೆ. ಇಂಜಿನಿಯರರು ಮೋರಿಯ ಅಗಲವನ್ನು ಗಣಿತದಿಂದ ನಿರ್ಧರಿಸಲಿ; ಆದರೆ ಮೋರಿಯನ್ನು ಎಲ್ಲಿ ಇಡಬೇಕೆಂಬುದನ್ನು ಆ ನೆಲದಲ್ಲಿ ನಲವತ್ತು ಮಳೆಗಾಲ ಕಳೆದವರನ್ನು ಕೇಳಿದರೆ ಗಣಿತಕ್ಕೂ ಒಳ್ಳೆಯದು.

ಈ ನೆಲವನ್ನು ನಡೆದು, ಕೇಳಿ, ಬರೆದಿಟ್ಟವರು ಹಿಂದೆ ಇಲ್ಲದಿರಲಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ನನು ಈ ಕರಾವಳಿಯಲ್ಲಿ ಸಂಚರಿಸಿ, ಬೆಳೆ, ಭೂಮಿ, ಜನ, ತೆರಿಗೆಗಳ ವಿವರಗಳನ್ನು ದಿನಚರಿಯ ರೂಪದಲ್ಲಿ ದಾಖಲಿಸಿದನು. 1883ರಲ್ಲಿ ಮುಂಬಯಿ ಸರಕಾರವು ತನ್ನ ಗೆಜೆಟಿಯರಿನ ಹದಿನೈದನೆಯ ಸಂಪುಟವನ್ನು, ಎರಡು ಭಾಗಗಳಲ್ಲಿ, ಈ ಜಿಲ್ಲೆಗೆಂದೇ ಮೀಸಲಿಟ್ಟಿತು. ಅದೇ ದಶಕದ ಆರಂಭದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿದ್ದ ತರುಣ ರವೀಂದ್ರನಾಥ ಠಾಕೂರರು ಇಲ್ಲಿಯ ಕಡಲನ್ನೂ ಕಾಳೀ ನದಿಯನ್ನೂ ತಮ್ಮ ನೆನಪುಗಳಲ್ಲಿ ಅಮರಗೊಳಿಸಿದರು. ಸ್ಕಾಟ್ಲೆಂಡಿನಿಂದ ಬಂದ ವೈದ್ಯನೂ, ಪರರಾಜ್ಯದ ಅಧಿಕಾರಿಗಳೂ, ಬಂಗಾಳದ ಕವಿಯೂ ಈ ತೀರವನ್ನು ಬರೆದಿಡಲು ತಕ್ಕುದೆಂದು ಎಣಿಸಿದರು. ನಮ್ಮವರೇ ಆದ ನಾವು ನಮ್ಮ ಹದಿಮೂರು ಊರುಗಳನ್ನು ಬರೆದಿಡಲು ಏಕೆ ಹಿಂಜರಿಯಬೇಕು? ಕಾರವಾರದ ಕಡಲದಂಡೆಯಲ್ಲಿ ನಿವೃತ್ತವಾದ ‘ಚಾಪಲ್’ ಯುದ್ಧನೌಕೆಯನ್ನು ನೆಲಕ್ಕೆ ತಂದು ನಿಲ್ಲಿಸಿ ಸಂಗ್ರಹಾಲಯವನ್ನಾಗಿ ಮಾಡಿದ್ದೇವೆ. ಮಕ್ಕಳು ಅದರೊಳಗೆ ಹತ್ತಿಳಿದು ಸಂತೋಷಪಡುತ್ತಾರೆ. ಅದು ಬಹಳ ಯುಕ್ತವಾದ ಕಾರ್ಯ. ಹಡಗಿಗೆ ಸಲ್ಲಿಸಿದ ಆದರವನ್ನು, ಹಡಗುಗಳಿಗೆ ನೆಲೆಯನ್ನು ಬಿಟ್ಟುಕೊಟ್ಟ ಹಳ್ಳಿಗಳಿಗೂ ಸಲ್ಲಿಸಬೇಕೆಂಬುದಷ್ಟೇ ನನ್ನ ಪ್ರಾರ್ಥನೆ.

ಇದಕ್ಕೆ ದೊಡ್ಡ ಧನವಾಗಲಿ ದೊಡ್ಡ ಕಟ್ಟಡವಾಗಲಿ ಬೇಕಿಲ್ಲ. ಒಂದೊಂದು ಪುನರ್ವಸತಿ ಕಾಲೋನಿಯಲ್ಲಿಯೂ ಹಳೆಯ ಊರಿನಲ್ಲಿ ಬೆಳೆದು ಬಂದ ಹಿರಿಯರು ಇನ್ನೂ ಇದ್ದಾರೆ. ಹತ್ತಿರದ ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ, ಗುರುಗಳ ಮಾರ್ಗದರ್ಶನದಲ್ಲಿ, ಅವರ ಜಗುಲಿಗಳ ಮೇಲೆ ಕುಳಿತು, ಪ್ರತಿಯೊಂದು ಗದ್ದೆ, ಹಳ್ಳ, ಬಂಡೆ, ಬನ, ಬಾವಿ, ದೋಣಿತಾಣಗಳ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಲಿ. ಸಾಧ್ಯವಾದಲ್ಲಿ ಅವರ ಧ್ವನಿಯನ್ನೂ ಮುದ್ರಿಸಿಕೊಳ್ಳಲಿ. ಗ್ರಾಮ ಪಂಚಾಯತಿಗಳು ಅದನ್ನು ಒಂದು ಪುಸ್ತಕವನ್ನಾಗಿ ಅಚ್ಚು ಮಾಡಿಸಲಿ; ಅದರ ಒಂದು ಪ್ರತಿ ಜಿಲ್ಲಾ ಗ್ರಂಥಾಲಯದಲ್ಲಿಯೂ ಇನ್ನೊಂದು ಪ್ರತಿ ನೀರಿನ ಮೋರಿಗಳನ್ನು ಕಟ್ಟುವ ಕಚೇರಿಯಲ್ಲಿಯೂ ಇರಲಿ. ಸಂಖ್ಯೆಗಳಿಂದ ಕರೆಯಲ್ಪಡುವ ಕಾಲೋನಿಯ ಅಡ್ಡರಸ್ತೆಗಳಿಗೆ, ಅಲ್ಲಿ ವಾಸಿಸುವವರು ಒಪ್ಪಿದಲ್ಲಿ, ಬಿಟ್ಟುಬಂದ ಕೇರಿಗಳ ಹೆಸರನ್ನಿಡಲಿ. ಮುದಗಾದಲ್ಲಿ ನೆಲೆ ಕಳೆದುಕೊಂಡ ಮೀನುಗಾರರಿಗೆಂದು ನಿರ್ಮಿತವಾದ ಬಂದರಿನ ಧಕ್ಕೆಯ ಮೇಲೆ, ಅವರು ಯಾವ ಯಾವ ದಂಡೆಗಳಿಂದ ಬಂದರೆಂಬುದನ್ನು ಹೇಳುವ ಒಂದು ಕಲ್ಲನ್ನು ನೆಡಲಿ. ನೌಕಾನೆಲೆಯ ಅಧಿಕಾರಿಗಳೂ ಇದರಲ್ಲಿ ಕೈಜೋಡಿಸಿದರೆ ಅದಕ್ಕಿಂತ ಶೋಭೆ ಬೇರೊಂದಿಲ್ಲ. ನೆಲೆಯೊಳಗಿನ ರಸ್ತೆಗೋ ಉದ್ಯಾನಕ್ಕೋ ಅಲ್ಲಿದ್ದ ಹಳೆಯ ತಾಣದ ಹೆಸರನ್ನಿಟ್ಟರೆ, ದೂರದ ಪ್ರಾಂತಗಳಿಂದ ಬಂದ ತರುಣ ನಾವಿಕನಿಗೆ ತಾನು ಯಾರ ಅಂಗಳದಲ್ಲಿ ನಿಂತು ದೇಶವನ್ನು ಕಾಯುತ್ತಿರುವೆನೆಂಬುದು ತಿಳಿದೀತು.

ಭದ್ರತೆಯ ದೃಷ್ಟಿಯಿಂದ ಇದು ಸಾಧುವೇ ಎಂದು ಕೆಲವರು ಶಂಕಿಸಬಹುದು. ಧಕ್ಕೆಗಳ ಆಳವನ್ನಾಗಲಿ ಹಡಗುಗಳ ಸಂಖ್ಯೆಯನ್ನಾಗಲಿ ಯಾರೂ ಕೇಳುತ್ತಿಲ್ಲ. ಎಂದೋ ಉಳುಮೆ ನಿಂತ ಗದ್ದೆಯ ಹೆಸರಿನಿಂದ ಯಾವ ಶತ್ರುವಿಗೂ ಪ್ರಯೋಜನವಾಗದು; ಆ ಗದ್ದೆಯಲ್ಲಿ ನಟ್ಟಿ ಮಾಡಿದವಳ ಮೊಮ್ಮಕ್ಕಳಿಗೆ ಮಾತ್ರ ಪ್ರಯೋಜನವಾದೀತು. ಇನ್ನು ಕೆಲವರು, ಹಳೆಯದನ್ನು ನೆನೆಯುತ್ತ ಕುಳಿತರೆ ಮುಂದಿನ ದಾರಿ ಸಾಗುವುದೆಂತು ಎನ್ನಬಹುದು. ಆದರೆ ಅಂಕೋಲೆಯ ಅಲಗೇರಿ ಪರಿಸರದಲ್ಲಿ ವಿಮಾನನಿಲ್ದಾಣಕ್ಕೂ ಕೇಣಿಯಲ್ಲಿ ಹೊಸ ಬಂದರಿಗೂ ಯೋಜನೆಗಳು ಸಿದ್ಧವಾಗಿ, ಮತ್ತೆ ಇದೇ ತೀರದ ಜನ ತಮ್ಮ ನೆಲದ ವಿಷಯವಾಗಿ ಕಳವಳಪಡುತ್ತಿರುವ ಈ ಹೊತ್ತಿನಲ್ಲಿ, ಮುಂದಿನ ದಾರಿಯನ್ನು ಅಳೆಯುವವರಿಗೆ ಹಿಂದಿನ ದಾರಿಯ ಲೆಕ್ಕ ಅತ್ಯವಶ್ಯ. ಕಾಳೀ ನದಿಯ ಅಣೆಕಟ್ಟುಗಳಿಂದ ಮೊದಲುಗೊಂಡು ಕೈಗಾದವರೆಗೆ, ಸೂಪಾದಿಂದ ಅರ್ಗಾದವರೆಗೆ, ಉತ್ತರ ಕನ್ನಡವು ನಾಡಿಗೂ ದೇಶಕ್ಕೂ ಕೊಟ್ಟುದು ಅಪಾರ. ಕೊಟ್ಟವರು ಏನನ್ನು ಕೊಟ್ಟರೆಂಬುದರ ಪಟ್ಟಿ ಕೊಂಡವರ ಬಳಿ ಮಾತ್ರ ಇರುವುದು ಧರ್ಮವಲ್ಲ.

ಈ ಕಾರ್ಯಕ್ಕೆ ಕಾಲ ಬಹಳವಿಲ್ಲ. ಹಳೆಯ ಅರ್ಗಾದಲ್ಲಿ ಮೂವತ್ತು ವರ್ಷ ಬಾಳಿ ಹೊರಬಂದವರಿಗೆ ಇಂದು ಅರವತ್ತರ ಆಸುಪಾಸು. ಅವರಿಗೆ ಹೆಸರುಗಳನ್ನು ಕಲಿಸಿದವರಲ್ಲಿ ಅನೇಕರು ಈಗಾಗಲೇ ತೀರಿಕೊಂಡಿದ್ದಾರೆ. ಓದುಗರಲ್ಲಿ ಯಾರಾದರೂ ಈ ಹದಿಮೂರು ಊರುಗಳ ಪೈಕಿ ಒಂದರಿಂದ ಬಂದವರಾಗಿದ್ದರೆ, ಅಥವಾ ಅಂಥವರ ನೆಂಟರೋ ನೆರೆಯವರೋ ಆಗಿದ್ದರೆ, ಸಮಿತಿಗೂ ಸರಕಾರಕ್ಕೂ ಕಾಯದೆ ಇಂದು ಸಂಜೆಯೇ ಮನೆಯ ಹಿರಿಯರ ಬಳಿ ಕುಳಿತು, ಹಳೆಯ ಮನೆಯಿಂದ ಕಡಲಿಗೆ ಹೋಗುತ್ತಿದ್ದ ಹಾದಿಯಲ್ಲಿ ಏನೇನಿತ್ತು, ಯಾವುದಕ್ಕೆ ಏನು ಹೆಸರೆಂದು ಕೇಳಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ. ನಾನು ಮತ್ತೆ ತೋಡೂರಿಗೆ ಹೋಗಲಿದ್ದೇನೆ. ಈ ಸಲ ಕಾಗದವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಹೋಗುವೆನು.